ನಿಂತ ಕಲ್ಲು, ನಡೆದು ಬಂದ ಜನ: ವಾಷಿಂಗ್ಟನ್ ನಗರದ ಲಿಂಕನ್ ಅಮೃತಶಿಲಾ ಪ್ರತಿಮೆ



ಸ್ಥಾವರ, ಜಂಗಮ ಎಂಬ ಎರಡು ಪದಗಳಿಗೆ ಬಸವಾದಿ ಶರಣರು ತುಂಬಿದ ಅರ್ಥವು ದೇವಾಲಯದ ಗೋಡೆಗಳಿಗಷ್ಟೇ ಸೀಮಿತವಾದುದಲ್ಲ. ಕಟ್ಟಿ ನಿಲ್ಲಿಸಿದ್ದು ಒಂದು ದಿನ ಕುಸಿಯುತ್ತದೆ, ಅರಿವನ್ನು ಹೊತ್ತು ಚಲಿಸುವುದು ಬಾಳುತ್ತದೆ ಎಂಬ ಅವರ ವಿವೇಚನೆಯನ್ನು ಮನುಷ್ಯನು ಕಟ್ಟುವ ಎಲ್ಲ ಸ್ಮಾರಕಗಳಿಗೂ ಅನ್ವಯಿಸಿ ನೋಡಬಹುದು. ಒಬ್ಬ ಮಹಾಪುರುಷನ ಪ್ರತಿಮೆಯನ್ನು ನಿಲ್ಲಿಸಿದ ಮಾತ್ರಕ್ಕೆ ಅವನ ತತ್ತ್ವವನ್ನು ನಿಲ್ಲಿಸಿದಂತಾಗುತ್ತದೆಯೇ? ಹೂಮಾಲೆ ಹಾಕಿದ ಕೈಗಳು ಅವನು ಹಿಡಿದ ಕೆಲಸವನ್ನು ಕೈಬಿಟ್ಟಿದ್ದರೆ ಆ ಪೂಜೆ ಯಾರಿಗೆ ಸಲ್ಲುತ್ತದೆ? ಈ ಪ್ರಶ್ನೆಗಳಿಗೆ ಇತಿಹಾಸವು ನೀಡಿದ ಸ್ಪಷ್ಟವಾದ ಉತ್ತರಗಳಲ್ಲೊಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದಲ್ಲಿದೆ. ಅದು ಆ ದೇಶದ 16ನೆಯ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ನರ ಅಮೃತಶಿಲೆಯ ಪ್ರತಿಮೆ.

ಗುಡಿಸಲಿನಿಂದ ಬಂದ ಮುತ್ಸದ್ದಿ

ಲಿಂಕನ್ 1809ರ ಫೆಬ್ರುವರಿ 12ರಂದು ಕೆಂಟಕಿ ಪ್ರಾಂತದಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಒಂದು ಕೋಣೆಯ ಗುಡಿಸಲಿನಲ್ಲಿ ಜನಿಸಿದರು. ಶಾಲೆಯಲ್ಲಿ ಕುಳಿತು ಕಲಿತ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷವಾಗುತ್ತಿರಲಿಲ್ಲ. ಕೊಡಲಿ ಹಿಡಿದು ದುಡಿದು, ಅಂಗಡಿಯಲ್ಲಿ ಕೆಲಸ ಮಾಡಿ, ಸ್ವಂತ ಓದಿನಿಂದ ವಕೀಲರಾಗಿ, 1861ರಲ್ಲಿ ಅಧ್ಯಕ್ಷ ಪದವಿಗೇರಿದರು. ಆ ವೇಳೆಗೆ ಮನುಷ್ಯರನ್ನು ಸಂತೆಯಲ್ಲಿ ಕೊಂಡು ಮಾರುವ ಗುಲಾಮಗಿರಿಯ ಪ್ರಶ್ನೆಯು ದೇಶವನ್ನು ಇಬ್ಭಾಗವಾಗಿಸಿತ್ತು. ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರನಡೆದವು. ನಾಲ್ಕು ವರ್ಷಗಳ ಅಂತರ್ಯುದ್ಧ ನಡೆಯಿತು.

1863ರ ಜನವರಿ 1ರಂದು ಲಿಂಕನ್ ವಿಮೋಚನೆಯ ಘೋಷಣೆಗೆ ಸಹಿ ಹಾಕಿದರು. ಬಂಡೆದ್ದ ಪ್ರದೇಶಗಳಲ್ಲಿದ್ದ ಗುಲಾಮರು ಅಂದಿನಿಂದ ಸ್ವತಂತ್ರರೆಂದು ಅದು ಸಾರಿತು. ಒಕ್ಕೂಟದಲ್ಲಿಯೇ ಉಳಿದಿದ್ದ ಗುಲಾಮಗಿರಿಯ ರಾಜ್ಯಗಳನ್ನು ಅದು ಮುಟ್ಟಲಿಲ್ಲ. ಇಡೀ ದೇಶದಲ್ಲಿ ಆ ಪದ್ಧತಿಯನ್ನು ನಿಷೇಧಿಸಿದ 13ನೆಯ ಸಂವಿಧಾನ ತಿದ್ದುಪಡಿಯು ಅಂಗೀಕೃತವಾದದ್ದು 1865ರ ಡಿಸೆಂಬರಿನಲ್ಲಿ. ಅದನ್ನು ನೋಡಲು ಲಿಂಕನ್ ಉಳಿದಿರಲಿಲ್ಲ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಅವರಿಗೆ ಗುಂಡು ಹೊಡೆಯಲಾಯಿತು. ಮರುದಿನ ಬೆಳಿಗ್ಗೆ ಅವರು ಕೊನೆಯುಸಿರೆಳೆದರು.

ಲಿಂಕನ್ನರನ್ನು ದೋಷರಹಿತರೆಂದು ಹೇಳುವುದು ಸತ್ಯಕ್ಕೆ ಅಪಚಾರವಾಗುತ್ತದೆ. ಬಿಡುಗಡೆಗೊಂಡ ಕಪ್ಪು ಜನರನ್ನು ದೇಶದ ಹೊರಗೆ ನೆಲೆಗೊಳಿಸುವ ಯೋಜನೆಯನ್ನು ಅವರು ಕೆಲವು ಕಾಲ ಬೆಂಬಲಿಸಿದ್ದರು. 1862ರ ಡಿಸೆಂಬರಿನಲ್ಲಿ ಮಿನೆಸೋಟದಲ್ಲಿ 38 ಮಂದಿ ಡಕೋಟಾ ಮೂಲನಿವಾಸಿಗಳನ್ನು ಒಂದೇ ದಿನ ಗಲ್ಲಿಗೇರಿಸಿದ್ದು ಅವರ ಅನುಮತಿಯಿಂದಲೇ. ಸೇನಾ ನ್ಯಾಯಮಂಡಳಿಯು ಮರಣದಂಡನೆ ವಿಧಿಸಿದ್ದ 300ಕ್ಕೂ ಹೆಚ್ಚು ಮಂದಿಯಲ್ಲಿ ಉಳಿದವರ ಶಿಕ್ಷೆಯನ್ನು ಅವರು ತಡೆದರೆಂಬುದೂ ಅಷ್ಟೇ ನಿಜ. ರಾಜಕಾರಣದ ಕೆಸರಿನಲ್ಲಿ ನಡೆದು, ನಡೆಯುತ್ತಲೇ ಬೆಳೆದ ವ್ಯಕ್ತಿಯವರು. ಆದುದರಿಂದಲೇ ಅವರ ಸ್ಮಾರಕದ ಕಥೆಯೂ ನೇರವಾದ ಗೆರೆಯಲ್ಲಿ ಸಾಗುವುದಿಲ್ಲ.

ಮೊದಲ ಎರಡು ಪ್ರತಿಮೆಗಳು

ವಾಷಿಂಗ್ಟನ್ ನಗರದಲ್ಲಿ ಲಿಂಕನ್ನರ ಮೊದಲ ಸಾರ್ವಜನಿಕ ಪ್ರತಿಮೆಯೂ ಅಮೃತಶಿಲೆಯದೇ. ಲಾಟ್ ಫ್ಲ್ಯಾನರಿ ಎಂಬ ಸ್ಥಳೀಯ ಶಿಲ್ಪಿ ಕೆತ್ತಿದ ಆ ಪ್ರತಿಮೆಯನ್ನು ನಗರದ ನಿವಾಸಿಗಳು ಹಣ ಕೂಡಿಸಿ, ಲಿಂಕನ್ ನಿಧನರಾದ ಮೂರನೆಯ ವರ್ಷದ ದಿನವಾದ 1868ರ ಏಪ್ರಿಲ್ 15ರಂದು ನಗರಸಭಾ ಭವನದ ಎದುರಿಗೆ ಎತ್ತರವಾದ ಕಂಬದ ಮೇಲೆ ನಿಲ್ಲಿಸಿದರು. ಅದರ ಹಿಂದಿರುವ ಆ ಭವನಕ್ಕೂ ಈ ಕಥೆಯಲ್ಲಿ ಸ್ಥಾನವಿದೆ. 1862ರ ಏಪ್ರಿಲ್ 16ರಂದು ರಾಜಧಾನಿಯ ಸುಮಾರು 3,100 ಗುಲಾಮರನ್ನು ಕಾನೂನಿನ ಮೂಲಕ ಬಿಡುಗಡೆ ಮಾಡಿದಾಗ, ಪರಿಹಾರಧನ ದೊರೆತದ್ದು ಒಡೆಯರಿಗೆ. ತಲೆಯೊಂದಕ್ಕೆ ಸರಾಸರಿ 300 ಡಾಲರಿನ ಮಿತಿಯಲ್ಲಿ. ಒಡೆಯರು ಅರ್ಜಿ ಹಿಡಿದು ಬಂದದ್ದು ಇದೇ ಭವನಕ್ಕೆ. ಜೀವಮಾನವಿಡೀ ಕೂಲಿಯಿಲ್ಲದೆ ದುಡಿದವರ ಲೆಕ್ಕವನ್ನು ಯಾರೂ ಬರೆಯಲಿಲ್ಲ.

ಎರಡನೆಯದು ಕಂಚಿನ ಪ್ರತಿಮೆ. ಅದರ ಮೂಲದಲ್ಲಿರುವುದು ಒಬ್ಬ ಬಡ ತಾಯಿಯ ದಾಸೋಹ. ವರ್ಜೀನಿಯದಲ್ಲಿ ಗುಲಾಮಳಾಗಿದ್ದು ಬಿಡುಗಡೆ ಪಡೆದ ಶಾರ್ಲೆಟ್ ಸ್ಕಾಟ್ ಎಂಬ ಮಹಿಳೆಯು ಲಿಂಕನ್ನರ ಹತ್ಯೆಯ ಸುದ್ದಿ ಕೇಳಿ, ಸ್ವತಂತ್ರಳಾದ ಮೇಲೆ ತಾನು ದುಡಿದು ಗಳಿಸಿದ ಮೊದಲ ಐದು ಡಾಲರುಗಳನ್ನು ಅವರ ಸ್ಮಾರಕಕ್ಕೆಂದು ಒಪ್ಪಿಸಿದಳು. ಅದನ್ನನುಸರಿಸಿ ಬಿಡುಗಡೆ ಹೊಂದಿದ ಸಾವಿರಾರು ಜನರು, ಕಪ್ಪು ಸೈನಿಕರು ತಮ್ಮ ದುಡಿಮೆಯ ಹಣವನ್ನು ಸೇರಿಸಿದರು. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯನ್ನು ಬಲ್ಲವರಿಗೆ ಆ ಐದು ಡಾಲರಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹಣ ಕೊಟ್ಟವರಿಗೆ ಪ್ರತಿಮೆಯ ರೂಪವನ್ನು ನಿರ್ಧರಿಸುವ ಅಧಿಕಾರವಿರಲಿಲ್ಲ. ಸಂಗ್ರಹದ ಹೊಣೆ ಹೊತ್ತ ಬಿಳಿಯರ ಸಂಸ್ಥೆಯು ಥಾಮಸ್ ಬಾಲ್ ಎಂಬ ಶಿಲ್ಪಿಯ ಮಾದರಿಯನ್ನು ಆರಿಸಿತು. ಅದರಲ್ಲಿ ಲಿಂಕನ್ ನಿಂತಿದ್ದಾರೆ. ಸಂಕೋಲೆ ಕಡಿದ ಕಪ್ಪು ಮನುಷ್ಯನು ಅವರ ಪಾದದ ಬಳಿ ಮೊಣಕಾಲೂರಿದ್ದಾನೆ. 1876ರ ಏಪ್ರಿಲ್ 14ರಂದು ಅದರ ಅನಾವರಣದಲ್ಲಿ ಮಾತನಾಡಿದವರು, ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೇಶದ ಮಹಾವಾಗ್ಮಿಯಾದ ಫ್ರೆಡರಿಕ್ ಡಗ್ಲಸ್. ಲಿಂಕನ್ ಮೊದಲಿಗೆ ಬಿಳಿಯರ ಅಧ್ಯಕ್ಷರಾಗಿದ್ದರು, ತಮ್ಮ ಜನ ಅವರಿಗೆ ಮಲಮಕ್ಕಳಂತಿದ್ದರು ಎಂದು ಅವರು ಅಧ್ಯಕ್ಷ ಗ್ರಾಂಟರ ಸಮ್ಮುಖದಲ್ಲಿಯೇ ಹೇಳಿದರು. ಅದೇ ಭಾಷಣದಲ್ಲಿ, ಆ ಕಾಲದ ದೇಶದ ಮನಃಸ್ಥಿತಿಯ ಅಳತೆಗೋಲಿನಿಂದ ನೋಡಿದರೆ ಲಿಂಕನ್ ವೇಗಿಯೂ ದೃಢನಿಶ್ಚಯಿಯೂ ಆಗಿದ್ದರೆಂದು ಕೃತಜ್ಞತೆಯನ್ನೂ ಸಲ್ಲಿಸಿದರು. ಕೆಲವು ದಿನಗಳ ನಂತರ ಅವರು ಪತ್ರಿಕೆಯೊಂದಕ್ಕೆ ಬರೆದ ಪತ್ರವನ್ನು ಇತಿಹಾಸಕಾರರು 2020ರಲ್ಲಿ ಮತ್ತೆ ಬೆಳಕಿಗೆ ತಂದರು. ಕಪ್ಪು ಮನುಷ್ಯನು ಮಂಡಿಯೂರದೆ ತನ್ನ ಕಾಲ ಮೇಲೆ ನಿಂತಿರುವ ಸ್ಮಾರಕವೊಂದನ್ನು ಸಾಯುವ ಮುನ್ನ ನೋಡಬೇಕೆಂಬ ಆಸೆಯನ್ನು ಅವರು ಅದರಲ್ಲಿ ತೋಡಿಕೊಂಡಿದ್ದರು. ಡಗ್ಲಸ್ 1895ರಲ್ಲಿ ತೀರಿಕೊಂಡರು.

ಜೌಗುನೆಲದ ಮೇಲೆ ಅಮೃತಶಿಲೆ

ರಾಷ್ಟ್ರದ ಪರವಾಗಿ ಲಿಂಕನ್ನರಿಗೊಂದು ಮಹಾಸ್ಮಾರಕ ಬೇಕೆಂಬ ಪ್ರಯತ್ನವು 1867ರಲ್ಲಿಯೇ ಮೊದಲಾಗಿ, ಹಣವಿಲ್ಲದೆ ನಿಂತುಹೋಗಿತ್ತು. 1911ರಲ್ಲಿ ಸಂಸತ್ತು ಹೊಸ ಆಯೋಗವನ್ನು ರಚಿಸಿತು. ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ಹೂಳೆತ್ತಿ ತುಂಬಿದ ಜೌಗುನೆಲವನ್ನು ಸ್ಥಳವಾಗಿ ಆರಿಸಿದಾಗ, ಸಂಸತ್ತಿನ ಪ್ರಬಲ ನಾಯಕರಾದ ಜೋಸೆಫ್ ಕ್ಯಾನನ್ ಕಟುವಾಗಿ ವಿರೋಧಿಸಿದರು. ವಿರೋಧ ನಿಲ್ಲಲಿಲ್ಲ. ವಾಸ್ತುಶಿಲ್ಪಿ ಹೆನ್ರಿ ಬೇಕನ್ ಗ್ರೀಕ್ ದೇವಾಲಯದ ಮಾದರಿಯಲ್ಲಿ ಭವನವನ್ನು ರೂಪಿಸಿದರು. ಲಿಂಕನ್ನರ ಜನ್ಮದಿನವಾದ 1914ರ ಫೆಬ್ರುವರಿ 12ರಂದು ಕೆಲಸ ಆರಂಭವಾಯಿತು. ಮೆತ್ತನೆಯ ನೆಲವನ್ನು ಕೊರೆದು ಅಡಿಯ ಬಂಡೆಯವರೆಗೂ ಕಾಂಕ್ರೀಟಿನ ಕಂಬಗಳನ್ನು ಇಳಿಸಬೇಕಾಯಿತು. ಲಿಂಕನ್ ತೀರಿಕೊಂಡಾಗ ಒಕ್ಕೂಟದಲ್ಲಿ 36 ರಾಜ್ಯಗಳಿದ್ದುದರಿಂದ ಹೊರಸಾಲಿನಲ್ಲಿ 36 ಕಂಬಗಳು ನಿಂತವು.

ಕಲ್ಲುಗಳನ್ನು ದೇಶದ ನಾನಾ ಭಾಗಗಳಿಂದ ತರಿಸಲಾಯಿತು. ಹೊರಗೋಡೆಗೆ ಕೊಲರಾಡೊ, ಒಳಗೋಡೆಗೆ ಇಂಡಿಯಾನ, ನೆಲಹಾಸಿಗೆ ಟೆನೆಸ್ಸಿ. ಮೇಲ್ಚಾವಣಿಗೆ ಅಲಬಾಮದ ತೆಳುವಾದ ಅಮೃತಶಿಲೆಯ ಹಲಗೆಗಳನ್ನು ಮೇಣದಲ್ಲಿ ನೆನೆಸಿ ಬೆಳಕು ತೂರುವಂತೆ ಹದಗೊಳಿಸಲಾಯಿತು. ಪ್ರತಿಮೆಯ ಬಿಳಿಯ ಕಲ್ಲು ಬಂದದ್ದು ಜಾರ್ಜಿಯದಿಂದ. ಜಾರ್ಜಿಯ, ಅಲಬಾಮ, ಟೆನೆಸ್ಸಿ ಮೂರೂ ಲಿಂಕನ್ನರ ವಿರುದ್ಧ ಯುದ್ಧ ಹೂಡಿದ ರಾಜ್ಯಗಳು. ಶತ್ರುಪಕ್ಷದ ನೆಲದ ಕಲ್ಲಿನಲ್ಲಿಯೇ ಲಿಂಕನ್ ಮೂಡಿದರು.

ಪ್ರತಿಮೆಯ ವಿನ್ಯಾಸ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರದು. ಲಿಂಕನ್ ಬದುಕಿದ್ದಾಗ 1860ರಲ್ಲಿ ಲಿಯೊನಾರ್ಡ್ ವೋಕ್ ಎಂಬ ಶಿಲ್ಪಿ ತೆಗೆದಿಟ್ಟಿದ್ದ ಮುಖದ ಮತ್ತು ಕೈಗಳ ಅಚ್ಚುಗಳನ್ನು ಅವರು ಮುಂದಿಟ್ಟುಕೊಂಡು ದುಡಿದರು. ಆಸನದಲ್ಲಿ ಕುಳಿತ ಆಕೃತಿಯ ಒಂದು ಕೈ ಮುಷ್ಟಿ ಬಿಗಿದಿದೆ, ಇನ್ನೊಂದು ಸಡಿಲವಾಗಿ ತೆರೆದಿದೆ. ಮೊದಲು ಸುಮಾರು 10 ಅಡಿಯ ಪ್ರತಿಮೆಯನ್ನು ಯೋಚಿಸಲಾಗಿತ್ತು. ಭವನದ ವಿಸ್ತಾರದಲ್ಲಿ ಅದು ಕಳೆದುಹೋಗುವುದೆಂದು ಕಂಡುಬಂದ ಮೇಲೆ 19 ಅಡಿಗಳಿಗೆ ಹಿಗ್ಗಿಸಲಾಯಿತು.

ಅದನ್ನು ಕಲ್ಲಿನಲ್ಲಿ ಕಡೆದವರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನೆಲೆಸಿದ್ದ ಪಿಚಿರಿಲ್ಲಿ ಮನೆತನದ ಆರು ಸಹೋದರರು. ಇಟಲಿಯ ಅಮೃತಶಿಲೆಯ ಸೀಮೆಯಾದ ಮಾಸ್ಸಾದಿಂದ 1888ರಲ್ಲಿ ವಲಸೆ ಬಂದ ಕಲ್ಲುಕುಟಿಗರ ಕುಟುಂಬವದು. ಅವರು 28 ಬಿಡಿಗಲ್ಲುಗಳನ್ನು ಕೆತ್ತಿ, ಸಂದು ಕಾಣದಂತೆ ಜೋಡಿಸಿದರು. ನೋಡುವವರಿಗೆ ಇಡೀ ಪ್ರತಿಮೆ ಒಂದೇ ಶಿಲೆಯೆಂಬ ಭಾವನೆ ಬರುತ್ತದೆ. ಪ್ರತಿಮೆಯೊಡನೆ ಫ್ರೆಂಚರ ಹೆಸರು ಲೋಕಪ್ರಸಿದ್ಧವಾಯಿತು. ಉಳಿ ಹಿಡಿದ ಕೈಗಳ ಹೆಸರನ್ನು ಬಲ್ಲವರು ಕಡಿಮೆ. ಕಾಯಕದಲ್ಲಿ ಮೇಲುಕೀಳನ್ನು ಎಣಿಸದ ಶರಣಪರಂಪರೆಯವರು ಆ ಸಹೋದರರನ್ನು ನೆನೆಯದೆ ಈ ಪ್ರತಿಮೆಯ ಕಥೆಯನ್ನು ಮುಂದುವರಿಸುವುದು ಉಚಿತವಲ್ಲ.

ಭವನದ ದಕ್ಷಿಣ ಗೋಡೆಯ ಮೇಲೆ ಲಿಂಕನ್ನರ 1863ರ ಗೆಟ್ಟಿಸ್‌ಬರ್ಗ್ ಭಾಷಣವನ್ನೂ, ಉತ್ತರದ ಗೋಡೆಯ ಮೇಲೆ 1865ರಲ್ಲಿ ಎರಡನೆಯ ಬಾರಿ ಅಧಿಕಾರ ವಹಿಸಿಕೊಂಡಾಗಿನ ಭಾಷಣವನ್ನೂ ಕೊರೆಯಲಾಗಿದೆ. ಎರಡನೆಯದರಲ್ಲಿ 'ಭವಿಷ್ಯ' ಎಂಬರ್ಥದ ಇಂಗ್ಲಿಷ್ ಪದದ ಮೊದಲ ಅಕ್ಷರವು ತಪ್ಪಾಗಿ ಕೊರೆಯಲ್ಪಟ್ಟಿತು. ಆ ಅಕ್ಷರದ ಹೆಚ್ಚುವರಿ ಗೆರೆಯನ್ನು ಬಳಿಕ ಗಾರೆಯಿಂದ ತುಂಬಲಾಯಿತಾದರೂ ಅದರ ಗುರುತು ಅಳಿದಿಲ್ಲ.

ಹಗ್ಗ ಕಟ್ಟಿದ ದಿನ

1922ರ ಮೇ 30ರಂದು ಲೋಕಾರ್ಪಣೆಯ ಸಮಾರಂಭ ನಡೆಯಿತು. ಸುಮಾರು 50,000 ಜನ ಸೇರಿದ್ದರು. ಅಧ್ಯಕ್ಷ ಹಾರ್ಡಿಂಗ್ ಇದ್ದರು; ಮಾಜಿ ಅಧ್ಯಕ್ಷರೂ ಅಂದಿನ ಮುಖ್ಯ ನ್ಯಾಯಾಧೀಶರೂ ಸ್ಮಾರಕ ಆಯೋಗದ ಮುಖ್ಯಸ್ಥರೂ ಆಗಿದ್ದ ವಿಲಿಯಂ ಟಾಫ್ಟ್ ಇದ್ದರು; ಲಿಂಕನ್ನರ ಮಕ್ಕಳಲ್ಲಿ ಬದುಕುಳಿದಿದ್ದ ಒಬ್ಬರೇ ಆದ, 78 ವರ್ಷದ ರಾಬರ್ಟ್ ಲಿಂಕನ್ ಇದ್ದರು. ಕಪ್ಪು ಜನಾಂಗದ ಆಹ್ವಾನಿತರೂ ಬಂದಿದ್ದರು. ಆದರೆ ಅವರ ಆಸನಗಳನ್ನು ವೇದಿಕೆಯಿಂದ ದೂರದಲ್ಲಿ, ಹಗ್ಗ ಕಟ್ಟಿ ಬೇರ್ಪಡಿಸಲಾಗಿತ್ತು. ಗುಲಾಮಗಿರಿಯ ಸಂಕೋಲೆ ಕಳಚಿದವನ ಪ್ರತಿಮೆಯ ಎದುರಿನಲ್ಲಿಯೇ ಪಂಕ್ತಿಭೇದ ನಡೆಯಿತು. ಅವಮಾನ ತಾಳಲಾರದೆ ಕೆಲವರು ಎದ್ದು ಹೊರನಡೆದರು.

ಅಂದು ಭಾಷಣ ಮಾಡಿದವರಲ್ಲಿ ಒಬ್ಬರು ತಸ್ಕೀಗಿ ವಿದ್ಯಾಸಂಸ್ಥೆಯ ಮುಖ್ಯಸ್ಥರಾದ ರಾಬರ್ಟ್ ಮೋಟನ್, ಕಪ್ಪು ಜನಾಂಗದ ಹಿರಿಯ ಶಿಕ್ಷಣತಜ್ಞರು. ಲಿಂಕನ್ ಪ್ರಾಣವಿತ್ತ ತತ್ತ್ವಗಳನ್ನು ದೇಶದ ಬಾಳಿನಲ್ಲಿ ಎಲ್ಲರಿಗೂ ಎಲ್ಲೆಡೆಯೂ ನಿಜವಾಗಿಸದಿದ್ದರೆ ಈ ಸ್ಮಾರಕವು ಬರಿಯ ಅಣಕವಾಗುತ್ತದೆ, ಕಪಟದ ಕುರುಹಾಗುತ್ತದೆ ಎಂದು ಅವರು ತಮ್ಮ ಬರಹದಲ್ಲಿ ಸಿದ್ಧಪಡಿಸಿಕೊಂಡಿದ್ದರು. ಮುಂಚಿತವಾಗಿ ಬರಹವನ್ನು ತರಿಸಿಕೊಂಡು ಓದಿದ ಆಯೋಗವು ಅಂತಹ ಭಾಗಗಳನ್ನು ತೆಗೆಯಿಸಿತು. ಸಭೆಯು ಕೇಳಿದ್ದು ಮೃದುಗೊಳಿಸಿದ ಭಾಷಣವನ್ನು. ಚಿಕಾಗೊ ನಗರದಿಂದ ಹೊರಡುತ್ತಿದ್ದ ಕಪ್ಪು ಜನರ ಪತ್ರಿಕೆ 'ಡಿಫೆಂಡರ್' ಆ ಬಳಿಕ ಬರೆಯಿತು: ಈ ಮಂದಿರದ ಬಾಗಿಲು ತೆರೆದಿದೆ ಅಷ್ಟೇ, ಇದರ ಅರ್ಪಣೆ ಇನ್ನೂ ಆಗಬೇಕಾಗಿದೆ ಎಂಬುದು ಅದರ ತಾತ್ಪರ್ಯ.

ನುಡಿಗೂ ನಡೆಗೂ ನಡುವೆ ಬಿರುಕು ಬಿದ್ದಾಗ ಪೂಜೆ ಹೇಗೆ ಬರಿದಾಗುತ್ತದೆ ಎಂಬುದನ್ನು ವಚನಗಳು ಮತ್ತೆ ಮತ್ತೆ ಎಚ್ಚರಿಸಿವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹವು ಮಾತನ್ನು ಬದುಕಾಗಿಸಿದ ಕ್ರಿಯೆಯಾಗಿತ್ತು. ಅದಕ್ಕೆ ಶರಣರು ತೆತ್ತ ಬೆಲೆಯನ್ನು ಪರಂಪರೆಯು ಮರೆತಿಲ್ಲ. ಸಮಾನತೆಯನ್ನು ಹೊಗಳುವುದು ಸುಲಭ. ಪಕ್ಕದ ಆಸನದಲ್ಲಿ ಕೂರಿಸಿಕೊಳ್ಳುವುದು ಕಠಿಣ. 1922ರ ವಾಷಿಂಗ್ಟನ್ ಎಡವಿದ್ದು ಅಲ್ಲಿಯೇ.

ಪ್ರತಿಮೆಗೂ ಅಂದು ಒಂದು ಊನವಿತ್ತು. ಮೇಲ್ಚಾವಣಿಯಿಂದ ಸಾಕಷ್ಟು ಬೆಳಕು ಇಳಿಯುತ್ತಿರಲಿಲ್ಲ. ಪೂರ್ವದ ಬಾಗಿಲಿನಿಂದ ನುಗ್ಗಿದ ಬೆಳಕು ನೆಲದಿಂದಲೂ ಎದುರಿನ ಕೊಳದಿಂದಲೂ ಪುಟಿದು ಕೆಳಗಿನಿಂದ ಮುಖಕ್ಕೆ ಬಡಿಯುತ್ತಿತ್ತು. ಇದರಿಂದ ಗಂಭೀರವಾದ ಆ ಮುಖವು ಬೆಚ್ಚಿಬಿದ್ದ ಮುಖದಂತೆ ತೋರುತ್ತಿತ್ತು. ಫ್ರೆಂಚ್ ವರ್ಷಗಟ್ಟಲೆ ಚಿಂತಿಸಿ, ಪ್ರಯೋಗಗಳನ್ನು ಮಾಡಿ, ಸರ್ಕಾರಕ್ಕೆ ಬರೆದು, 1920ರ ದಶಕ ಮುಗಿಯುವ ವೇಳೆಗೆ ಮೇಲಿನಿಂದ ವಿದ್ಯುದ್ದೀಪಗಳನ್ನು ಹಾಕಿಸಿದರು. ಕಲ್ಲು ಅದೇ ಇತ್ತು, ಬೆಳಕಿನ ದಿಕ್ಕು ಬದಲಾದ ಮೇಲೆ ಲಿಂಕನ್ ಕಾಣಿಸಿದರು.

ಜಂಗಮ ಬಂದಾಗ

ಕಲ್ಲಿನ ಮುಖಕ್ಕೆ ದೀಪಗಳು ಬೆಳಕು ತಂದವು. ಸ್ಮಾರಕದ ಅರ್ಥಕ್ಕೆ ಬೆಳಕು ತಂದವರು ಮೆಟ್ಟಿಲೇರಿ ಬಂದ ಜನರು.

1939ರಲ್ಲಿ ಕಪ್ಪು ಜನಾಂಗದ ಮಹಾಗಾಯಕಿ ಮೇರಿಯನ್ ಆಂಡರ್ಸನ್ ಅವರ ಕಛೇರಿಗೆ ನಗರದ ಕಾನ್ಸ್ಟಿಟ್ಯೂಶನ್ ಸಭಾಂಗಣವನ್ನು ಕೊಡಲು ಅದರ ಒಡೆತನದ ಮಹಿಳಾಸಂಘವು ನಿರಾಕರಿಸಿತು. ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಆ ಸಂಘದ ಸದಸ್ಯತ್ವವನ್ನು ತ್ಯಜಿಸಿದರು. ಒಂದು ಬಾಗಿಲು ಮುಚ್ಚಿದಾಗ ಲಿಂಕನ್ನರ ಮೆಟ್ಟಿಲುಗಳು ತೆರೆದುಕೊಂಡವು. ಏಪ್ರಿಲ್ 9ರ ಈಸ್ಟರ್ ಭಾನುವಾರದಂದು ಆಕೆ ಅಮೃತಶಿಲೆಯ ಆ ಮೂರ್ತಿಗೆ ಬೆನ್ನಾಗಿ, ಜನರಿಗೆ ಮುಖವಾಗಿ ನಿಂತು ಹಾಡಿದರು. 75,000 ಜನ ಎದುರಿಗಿದ್ದರು. ಲಕ್ಷಾಂತರ ಮಂದಿ ಬಾನುಲಿಯಲ್ಲಿ ಕೇಳಿದರು. ಅಂದು ಕಪ್ಪು ಮತ್ತು ಬಿಳಿ ಶ್ರೋತೃಗಳ ನಡುವೆ ಹಗ್ಗವಿರಲಿಲ್ಲ.

1957ರ ಮೇ 17ರಂದು ಸಾವಿರಾರು ಜನ ಅಲ್ಲಿ ಪ್ರಾರ್ಥನಾ ಯಾತ್ರೆಯಾಗಿ ಸೇರಿದರು. 1963ರ ಆಗಸ್ಟ್ 28ರಂದು ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ ನಡೆದ ಮೆರವಣಿಗೆಯಲ್ಲಿ ಸುಮಾರು 2,50,000 ಜನ ಅದರ ಮುಂದೆ ನಿಂತರು. ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣವನ್ನು ಮಾಡಿದ್ದು ಆ ಮೆಟ್ಟಿಲುಗಳಲ್ಲಿಯೇ. ವಿಮೋಚನೆಯ ಘೋಷಣೆಗೆ ನೂರು ವರ್ಷ ತುಂಬಿದರೂ ತಮ್ಮ ಜನ ಇನ್ನೂ ಸ್ವತಂತ್ರರಾಗಿಲ್ಲವೆಂದು ಅವರು ಲಿಂಕನ್ನರ ನೆರಳಿನಲ್ಲಿ ನಿಂತು ಹೇಳಿದರು. 41 ವರ್ಷಗಳ ಹಿಂದೆ ಮೋಟನ್ನರ ಬಾಯಿಂದ ಕಿತ್ತುಕೊಂಡಿದ್ದ ಮಾತು ಅಂದು ತಿದ್ದುವವರಿಲ್ಲದೆ ಹೊರಬಂದಂತಾಯಿತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ, 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಜಾರಿಗೆ ಬಂದವು. ಕಿಂಗ್ ನಿಂತಿದ್ದ ಜಾಗವನ್ನು 2003ರಲ್ಲಿ ಕಲ್ಲಿನಲ್ಲಿ ಅಕ್ಷರ ಕೊರೆದು ಗುರುತಿಸಲಾಯಿತು.

ಶರಣರ ಕಣ್ಣಿನಲ್ಲಿ

ಈ ಇತಿಹಾಸವನ್ನು ಓದುವಾಗ ಲಿಂಕನ್ನರನ್ನು ಬಸವಣ್ಣನವರೊಡನೆ ತೂಗಿ ನೋಡುವುದು ಉದ್ದೇಶವಲ್ಲ. ಕಾಲ ಬೇರೆ, ದೇಶ ಬೇರೆ, ಮಾರ್ಗ ಬೇರೆ. ಆದರೆ ಕಲ್ಯಾಣದ ಅರಸನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಅಧಿಕಾರದ ಆಸನದಲ್ಲಿದ್ದುಕೊಂಡೇ ಆಸನಗಳ ಭೇದವನ್ನು ಅಳಿಸಲು ಹೊರಟವರು. ಅವರ ಪ್ರತಿಮೆಗಳು ಇಂದು ನಾಡಿನ ಊರೂರುಗಳಲ್ಲಿವೆ. 2015ರ ನವೆಂಬರ್ 14ರಂದು ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೂ ಅವರ ಪ್ರತಿಮೆಯೊಂದು ಅನಾವರಣಗೊಂಡಿತು. ಸ್ಥಾವರವನ್ನು ಪ್ರಶ್ನಿಸಿದವರಿಗೂ ಸ್ಥಾವರವನ್ನೇ ಕಟ್ಟುವುದು ಲೋಕದ ರೂಢಿ. ಅದರಲ್ಲಿ ಗೌರವವಿದೆ, ಅಪಾಯವೂ ಇದೆ.

ವಾಷಿಂಗ್ಟನ್ನಿನ ಅಮೃತಶಿಲೆಯು ಕಲಿಸುವ ಪಾಠ ಇಲ್ಲಿಗೆ ಸಂಬಂಧಿಸಿದೆ. 1922ರಲ್ಲಿ ಆ ಪ್ರತಿಮೆಗೆ ಕಲೆ, ಧನ, ಅಧಿಕಾರ, ಸಮಾರಂಭ ಯಾವುದರ ಕೊರತೆಯೂ ಇರಲಿಲ್ಲ. ಸಮನಾಗಿ ಕೂತ ಸಭೆಯೊಂದು ಮಾತ್ರ ಇರಲಿಲ್ಲ. ಅದು ಒದಗಿದ ದಿನ ಅದೇ ಕಲ್ಲು ನೊಂದವರ ಆಶ್ರಯವಾಯಿತು. ಜಂಗಮವು ಮುಟ್ಟಿದಾಗ ಸ್ಥಾವರಕ್ಕೂ ಚೈತನ್ಯ ಬರುತ್ತದೆ. ಜಂಗಮವನ್ನು ಹೊರಗಿಟ್ಟರೆ 28 ಬಿಡಿಗಲ್ಲುಗಳು ಬಿಡಿಗಲ್ಲುಗಳಾಗಿಯೇ ಉಳಿಯುತ್ತವೆ.

ಬಸವ ಜಯಂತಿಯಂದು ಪ್ರತಿಮೆಗೆ ಮಾಲೆ ಅರ್ಪಿಸುವ ಭಕ್ತರು, ಮೆರವಣಿಗೆ ಮುಗಿದು ಪ್ರಸಾದಕ್ಕೆ ಕುಳಿತಾಗ ಒಮ್ಮೆ ಪಂಕ್ತಿಯ ಉದ್ದಕ್ಕೂ ಕಣ್ಣು ಹಾಯಿಸಬೇಕು. ಅಲ್ಲಿ ಯಾರು ಕುಳಿತಿದ್ದಾರೆ, ಯಾರು ಬಾಗಿಲಾಚೆ ನಿಂತಿದ್ದಾರೆ, ಕಣ್ಣಿಗೆ ಕಾಣದ ಹಗ್ಗವೊಂದು ಎಲ್ಲಿಯಾದರೂ ಬಿಗಿದಿದೆಯೇ ಎಂದು ನೋಡಬೇಕು. ಹಗ್ಗ ಕಂಡರೆ ಅದನ್ನು ಬಿಚ್ಚುವ ಕೈ ಅಂದು ಮಾಲೆ ಹಾಕಿದ ಕೈಯೇ ಆಗಿರಲಿ.